ಹೊರಡುವ ಮೊದಲೇ ತಲುಪಿದ ರೈಲು

ಓದುಗರ ಪ್ರಶ್ನೆ, ನನ್ನ ಉತ್ತರ

ಕಳೆದ ಸಂಚಿಕೆಯಲ್ಲಿ ಒಂದು ಮಾತು ಕೇಳಿದ್ದೆ: ನಿಮ್ಮ ಬದುಕಿನ ಪ್ಲಾನ್ ಕೈಕೊಟ್ಟಿದ್ದು ಯಾರಿಂದ? ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಪ್ರೀತಿಯ ವಿಷಯ. ಉಳಿದ ಕಾಲು ಪಾಲು ಪರೀಕ್ಷೆ, ಸಾಲ, ಮೊಣಕಾಲು ನೋವು. ಮೊಣಕಾಲಿನವರು ದಯವಿಟ್ಟು ಡಾಕ್ಟರ ಅಂಕಣಕ್ಕೆ ಬರೆಯಿರಿ.

ಹೊಸ ಓದುಗರಿಗೆ ಮೊದಲೇ ಹೇಳಿಬಿಡುತ್ತೇನೆ. ನಾನು ಮನಸ್ಸಿನ ಶಾಸ್ತ್ರ ಓದಿದವಳಲ್ಲ. 31 ವರ್ಷ ರೈಲು ವೇಳಾಪಟ್ಟಿ ಮಾಡುವ ವಿಭಾಗದಲ್ಲಿದ್ದೆ. ಯಾವ ಗಾಡಿ ಎಲ್ಲಿ ಎಷ್ಟು ನಿಮಿಷ ನಿಲ್ಲಬೇಕು, ಯಾವುದು ಯಾವುದಕ್ಕೆ ದಾರಿ ಬಿಡಬೇಕು, ಇಷ್ಟೇ ನನ್ನ ವಿದ್ಯೆ. ಜನರ ವಿಷಯಕ್ಕೂ ಅದನ್ನೇ ಹಚ್ಚಿ ನೋಡುತ್ತೇನೆ. ಕೆಲವು ಸಲ ಸರಿಹೋಗುತ್ತದೆ.

ಪ್ರಶ್ನೆ: ಮೇಡಂ, ನನಗೆ 29 ವರ್ಷ. 22ನೇ ವಯಸ್ಸಿನಿಂದ ಒಂದು ಎಕ್ಸೆಲ್ ಹಾಳೆ ಇಟ್ಟುಕೊಂಡಿದ್ದೇನೆ. ಯಾವ ವರ್ಷ ಯಾವ ಹುದ್ದೆ, ಎಷ್ಟು ಉಳಿತಾಯ, 30ಕ್ಕೆ ಎರಡು ವರ್ಷ ಹೊರದೇಶದ ಕೆಲಸ, 32ಕ್ಕೆ ಮದುವೆ, 34ಕ್ಕೆ ಮಗು, ಎಲ್ಲ ಅದರಲ್ಲಿದೆ. ಏಳು ವರ್ಷದಲ್ಲಿ ಒಂದು ಸಾಲೂ ತಪ್ಪಿಲ್ಲ. ಸಂಗಾತಿ ಹೇಗಿರಬೇಕು ಅನ್ನುವುದಕ್ಕೂ 20 ಅಂಶಗಳಿವೆ, ಒಂದೊಂದಕ್ಕೆ 5 ಅಂಕ. ಆರು ತಿಂಗಳ ಹಿಂದೆ ಒಬ್ಬ ಸಿಕ್ಕಿದ. ನೂರಕ್ಕೆ 46. ಮುಂದಿನ ವರ್ಷ ಏನು ಮಾಡ್ತೀಯ ಅಂದರೆ 'ಮುಂದಿನ ವರ್ಷ ಹೇಳ್ತೀನಿ' ಅನ್ನುತ್ತಾನೆ. ಈ ನಡುವೆ 83 ಅಂಕದವರೊಬ್ಬರು ಪರಿಚಯವಾಗಿದ್ದಾರೆ. ತೊಂದರೆ ಏನೆಂದರೆ, 83ರವರ ಮೆಸೇಜಿಗೆ ರಾತ್ರಿ ಎಲ್ಲ ಕೆಲಸ ಮುಗಿದ ಮೇಲೆ ಉತ್ತರ ಕೊಡುತ್ತೇನೆ. 46ರವನ ಮೆಸೇಜ್ ಬಂತಾ ಅಂತ ಮೀಟಿಂಗ್ ನಡುವೆ ಮೇಜಿನ ಕೆಳಗೆ ಫೋನ್ ನೋಡುತ್ತೇನೆ. ಅಂಕ ಕೊಡುವ ಲೆಕ್ಕದಲ್ಲಿ ತಪ್ಪಿದೆಯಾ, ನನ್ನಲ್ಲೇ ತಪ್ಪಿದೆಯಾ?
ಎಕ್ಸೆಲ್ ಹುಡುಗಿ

ಉತ್ತರ: ನಿಮ್ಮ ಪತ್ರವನ್ನು ನೀವೇ ಇನ್ನೊಮ್ಮೆ ಓದಿ. 83ರವರು 'ಪರಿಚಯವಾಗಿದ್ದಾರೆ'. 46ರವನು 'ಸಿಕ್ಕಿದ'. ಒಬ್ಬರಿಗೆ ಬಹುವಚನ, ಇನ್ನೊಬ್ಬನಿಗೆ ಏಕವಚನ. ಎಕ್ಸೆಲ್‌ಗೆ ಈ ವ್ಯತ್ಯಾಸ ಗೊತ್ತಾಗುವುದಿಲ್ಲ. ಕನ್ನಡಕ್ಕೆ ಗೊತ್ತಾಗುತ್ತದೆ.

ಪಟ್ಟಿ ಮಾಡಿದ್ದಕ್ಕೆ ನಾಚಿಕೆ ಬೇಡ. ನಮಗಿಂತ ಬುದ್ಧಿವಂತರೇ ಮಾಡಿದ್ದಾರೆ. ಚಾರ್ಲ್ಸ್ ಡಾರ್ವಿನ್ 1838ರಲ್ಲಿ, ನಿಮ್ಮದೇ 29ನೇ ವಯಸ್ಸಿನಲ್ಲಿ, ಒಂದು ಕಾಗದದಲ್ಲಿ ಎರಡು ಅಂಕಣ ಮಾಡಿದ. ಒಂದು ಕಡೆ 'ಮದುವೆಯಾಗು', ಇನ್ನೊಂದು ಕಡೆ 'ಮದುವೆ ಬೇಡ'. ಬೇಡ ಅನ್ನುವ ಕಡೆ ಸಮಯ ಹಾಳು, ಪುಸ್ತಕಕ್ಕೆ ದುಡ್ಡು ಕಡಿಮೆ ಅಂತೆಲ್ಲ ಬರೆದ. ಆಗು ಅನ್ನುವ ಕಡೆ, ಮುಪ್ಪಿನಲ್ಲಿ ಒಂದು ಜೊತೆ, ಏನಿಲ್ಲವೆಂದರೂ ನಾಯಿಗಿಂತ ಮೇಲು ಅಂತ ಬರೆದ. (ನಾಯಿ ಸಾಕಿದವರು ಒಪ್ಪಲಿಕ್ಕಿಲ್ಲ.) ಕೊನೆಗೆ 'ಮದುವೆಯಾಗು' ಅಂತ ಮೂರು ಸಲ ಬರೆದು, ಗಣಿತದ ಪ್ರಮೇಯ ಮುಗಿಸಿದವನ ಹಾಗೆ ಕ್ಯೂ.ಇ.ಡಿ. ಹಾಕಿದ. ಮರುವರ್ಷ ಜನವರಿಯಲ್ಲಿ ಎಮ್ಮಾ ವೆಜ್‌ವುಡ್ ಜೊತೆ ಮದುವೆಯಾಯಿತು. ಹತ್ತು ಮಕ್ಕಳು. ಆ ಪಟ್ಟಿಯಲ್ಲಿ ನನಗೆ ಪ್ರತಿ ಸಲ ಕಣ್ಣಿಗೆ ಹೊಡೆಯುವುದು ಒಂದೇ ಸಂಗತಿ. ಅದರಲ್ಲಿ ಎಮ್ಮಾಳ ಹೆಸರೇ ಇಲ್ಲ. ಅವನು ಬರೆದದ್ದು ಹೆಂಡತಿ ಅನ್ನುವ ಹುದ್ದೆಯ ಬಗ್ಗೆ. ನಿಮ್ಮ 20 ಅಂಶಗಳೂ ಅಷ್ಟೇ. 22ರ ಹುಡುಗಿಯೊಬ್ಬಳು ಖಾಲಿ ಹುದ್ದೆಗೆ ಕೊಟ್ಟ ಜಾಹೀರಾತು ಅದು. ಆ ಹುಡುಗಿ ಈಗ ಎಲ್ಲಿದ್ದಾಳೆ?

ಸುಮ್ನೆ ಕೇಳುತ್ತಿಲ್ಲ. 2013ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂತು. 18ರಿಂದ 68 ವಯಸ್ಸಿನ 19 ಸಾವಿರಕ್ಕೂ ಹೆಚ್ಚು ಜನರನ್ನು ಕೇಳಿದ್ದರು. ಹತ್ತು ವರ್ಷದಲ್ಲಿ ಎಷ್ಟು ಬದಲಾಗಿದ್ದೀರಿ ಅಂದರೆ ತುಂಬಾ ಅಂದರು. ಮುಂದಿನ ಹತ್ತು ವರ್ಷದಲ್ಲಿ ಎಷ್ಟು ಬದಲಾಗುತ್ತೀರಿ ಅಂದರೆ ಅಷ್ಟೇನಿಲ್ಲ ಅಂದರು. ಎಲ್ಲ ವಯಸ್ಸಿನವರದ್ದೂ ಅದೇ ಉತ್ತರ. ಬೆಳೆಯುವುದು ಇವತ್ತಿಗೆ ಮುಗಿಯಿತು ಅಂತ ಪ್ರತಿಯೊಬ್ಬರೂ ನಂಬಿದ್ದರು. ಇನ್ನೊಂದು, 2008ರದ್ದು. ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಗೆ ಎಂಥ ಸಂಗಾತಿ ಬೇಕು ಅಂತ ಮೊದಲೇ ಕೇಳಿ ಬರೆಸಿಕೊಂಡರು. ಆಮೇಲೆ ಒಬ್ಬೊಬ್ಬರ ಜೊತೆ ಕೆಲವು ನಿಮಿಷ ಮಾತಾಡಲು ಬಿಟ್ಟರು. ಬರೆದುಕೊಟ್ಟಿದ್ದಕ್ಕೂ ಮನಸ್ಸು ಹೋದ ಕಡೆಗೂ ತಾಳೆಯೇ ಆಗಲಿಲ್ಲ. ನಿಮ್ಮ ಮೇಜಿನ ಕೆಳಗಿನ ಫೋನ್ ಹೊಸ ರೋಗವೇನಲ್ಲ.

ನನ್ನದನ್ನೂ ಹೇಳುತ್ತೇನೆ. 24ನೇ ವಯಸ್ಸಿನಲ್ಲಿ ನಾನೂ ಒಂದು ನೋಟ್‌ಬುಕ್ ಮಾಡಿದ್ದೆ. ನೀಲಿ ರಟ್ಟು. 27ಕ್ಕೆ ಮದುವೆ, 30ಕ್ಕೆ ಬಡ್ತಿ. ಗಂಡ ಆಗುವವರಿಗೆ 14 ಷರತ್ತು. ಅದೇ ಸಮಯದಲ್ಲಿ ಹೊಸ ವೇಳಾಪಟ್ಟಿ ಪುಸ್ತಕ ಅಚ್ಚಿಗೆ ಹೋಗಿತ್ತು. ಒಂದು ಮಧ್ಯಾಹ್ನ ಮುದ್ರಣಾಲಯದಿಂದ ಫೋನ್ ಬಂತು. ಕರಡು ತಿದ್ದುವವರಂತೆ.

'ಮೇಡಂ, 112ನೇ ಪುಟದಲ್ಲಿ ಒಂದು ಗಾಡಿ ಹೊರಡುವ ಮೊದಲೇ ತಲುಪಿದೆ.'

'ಸಾಧ್ಯವೇ ಇಲ್ಲ.'

'ನನಗೂ ಹಾಗೇ ಅನ್ನಿಸ್ತು. ಆದರೆ ತಲುಪಿಬಿಟ್ಟಿದೆ.'

ಇದು ಯಾಕೆ ಸಾಧ್ಯವಿಲ್ಲ ಅಂತ ಅವರಿಗೆ ಪಾಠ ಮಾಡಿದೆ. ವೇಳಾಪಟ್ಟಿ ಮೊದಲು ಹುಟ್ಟುವುದು ಗ್ರಾಫ್ ಹಾಳೆಯ ಮೇಲೆ. ಅಡ್ಡಕ್ಕೆ ಗಂಟೆ, ಉದ್ದಕ್ಕೆ ನಿಲ್ದಾಣ. ಪ್ರತಿ ಗಾಡಿಯೂ ಒಂದು ಓರೆ ಗೆರೆ. ವೇಗದ ಗಾಡಿಯ ಗೆರೆ ಕಡಿದಾಗಿರುತ್ತದೆ. ನಿಂತ ಗಾಡಿಯ ಗೆರೆ ಮಲಗಿರುತ್ತದೆ. ಹಿಂದಕ್ಕೆ ಓಲಿದ ಗೆರೆ ಇರಲು ಸಾಧ್ಯವಿಲ್ಲ. ಇದ್ದರೆ ಕಾಲವೇ ಹಿಂದೆ ಹೋಯಿತು ಅಂತ ಅರ್ಥ. ಅವರು ಎಲ್ಲ ಕೇಳಿಸಿಕೊಂಡು, 'ಚೆನ್ನಾಗಿ ಹೇಳಿದ್ರಿ. ಈಗ 112ನೇ ಪುಟ ಏನು ಮಾಡ್ಲಿ?' ಅಂದರು. ಮೂರು ದಿನ ಫೋನಿನಲ್ಲಿ ಜಗಳ ನಡೆಯಿತು. ನಾಲ್ಕನೇ ದಿನ ಗ್ರಾಫ್ ಸುತ್ತಿಕೊಂಡು, ಬಾಯಿ ಮುಚ್ಚಿಸಿಯೇ ಬರುತ್ತೇನೆ ಅಂತ ನಾನೇ ಹೋದೆ. ಹಾಳೆ ಬಿಡಿಸಿದೆ. ಗೆರೆ ಸರಿಯಾಗಿತ್ತು. ಅದರ ಪಕ್ಕದಲ್ಲಿ ಅವರು ನಾನು ಕಳಿಸಿದ್ದ ಹಸ್ತಪ್ರತಿ ಇಟ್ಟರು. ಬರುವ ಹೊತ್ತು, ಹೊರಡುವ ಹೊತ್ತು ಅದಲುಬದಲಾಗಿತ್ತು. ಅಕ್ಷರ ನನ್ನದೇ.

ಅವರು ಒಂದು ನಿಮಿಷ ತಡೆದುಕೊಂಡರು. ಆಮೇಲೆ ನಕ್ಕರು ನೋಡಿ, ಮಶೀನ್ ಸದ್ದನ್ನೂ ಮೀರಿ ಕೇಳಿಸುವಷ್ಟು.

ನನ್ನ 14 ಷರತ್ತುಗಳಲ್ಲಿ ಒಂಬತ್ತನೆಯದು 'ನಗುವ ವಿಷಯಕ್ಕೆ ಮಾತ್ರ ನಗುವವರಾಗಿರಬೇಕು'. ಆ ಮನುಷ್ಯರಿಗೆ 14ಕ್ಕೆ ಸಿಕ್ಕಿದ್ದು 3. ಸಿಗರೇಟು ಸೇದುವುದಿಲ್ಲ, ನನಗಿಂತ ಎತ್ತರ, ಅಕ್ಷರ ದುಂಡಗೆ. ಅದೇ ತಿಂಗಳು 13 ಅಂಕದವರೊಬ್ಬರನ್ನೂ ಭೇಟಿಯಾದೆ. ಒಳ್ಳೆಯವರು. ಮಾತು ಮುಗಿದ ಮೇಲೆ ಮುಂದಿನ ಭೇಟಿ ಯಾವಾಗ ಅಂತ ಇಬ್ಬರೂ ಒಟ್ಟಿಗೇ ಡೈರಿ ತೆಗೆದೆವು. ಒಂದೇ ದಿನ, ಒಂದೇ ಗಂಟೆ ಬಿಡುವಿತ್ತು. ಇಬ್ಬರ ಮುಖದಲ್ಲೂ ಸಂತೋಷ ಕಾಣಲಿಲ್ಲ.

ಅಲ್ಲಿಗೆ ಪ್ಲಾನ್ ಬಿಟ್ಟೆ ಅಂದುಕೊಳ್ಳಬೇಡಿ. ಎರಡು ವರ್ಷ ಹಿಡಿಯಿತು. ಮೊದಲು ಷರತ್ತುಗಳನ್ನೇ ಪೆನ್ಸಿಲಿನಲ್ಲಿ ತಿದ್ದಿದೆ. 'ಸ್ವಂತ ಮನೆ' ಇದ್ದದ್ದು 'ಮನೆಯ ಬಗ್ಗೆ ಆಸಕ್ತಿ' ಆಯಿತು. ಮೂರು ಇದ್ದ ಅಂಕ ಆರಾಯಿತು. ಇನ್ನೊಂದಿಷ್ಟು ತಿದ್ದಿದ ಮೇಲೆ ಎಂಟಾಯಿತು. ಒಂದು ರಾತ್ರಿ ಇನ್ನೊಂದು ಷರತ್ತು ಉಜ್ಜುತ್ತಾ ಕೂತಿದ್ದಾಗ ಗೊತ್ತಾಯಿತು, ನಾನು ಪರೀಕ್ಷೆ ಮಾಡುತ್ತಿಲ್ಲ, ಕಾಪಿ ಹೊಡೆಸುತ್ತಿದ್ದೇನೆ ಅಂತ. ನೋಟ್‌ಬುಕ್ ಮುಚ್ಚಿದೆ.

ಹಾಗಂತ 46ರವನ ಕೈ ಹಿಡಿದುಬಿಡಿ ಅನ್ನುತ್ತಿಲ್ಲ. ಮೇಜಿನ ಕೆಳಗೆ ಫೋನ್ ನೋಡಿಸುವವರೆಲ್ಲ ಒಳ್ಳೆಯವರಾಗಿರುವುದಿಲ್ಲ. ನಿಮ್ಮ 20ರಲ್ಲಿ ಮೂರೋ ನಾಲ್ಕೋ ಅಂಶಕ್ಕೆ ಅಂಕವೇ ಇರಬಾರದು. ಪಾಸು ಇಲ್ಲವೇ ಫೇಲು, ಅಷ್ಟೇ. ಸಿಟ್ಟು ಬಂದಾಗ ಹೇಗಿರುತ್ತಾನೆ? ಸಾಲ ಮುಚ್ಚಿಡುತ್ತಾನಾ? ಮಗು ಬೇಕು ಅಂದರೆ ಏನನ್ನುತ್ತಾನೆ? ನಿಮ್ಮ ಕೆಲಸ ಅವನಿಗೆ ಕಿರಿಕಿರಿಯಾ? ಇಲ್ಲಿ ಫೇಲಾದವನು ಉಳಿದದ್ದರಲ್ಲಿ ಪೂರ್ತಿ ಅಂಕ ತೆಗೆದರೂ ಬೇಡ. ಇಲ್ಲಿ ಪಾಸಾದವನ ಎತ್ತರ, ಓದು, ಐದು ವರ್ಷದ ಗುರಿ ಇವಕ್ಕೆಲ್ಲ ಅಂಕ ಕೂಡಿಸಿ ಏನು ಮಾಡುತ್ತೀರಿ? 83ರವರಿಗೂ ಇದೇ ಪ್ರಶ್ನೆಗಳು. ಆಮೇಲೂ ಫೋನ್ ರಾತ್ರಿಗೇ ಉಳಿದರೆ ಅವರಿಗೆ ಬೇಗ ಹೇಳಿಬಿಡಿ. ಪಾಪ, ಅವರ ಬಳಿಯೂ ಒಂದು ಹಾಳೆ ಇರಬಹುದು.

ಹೊರದೇಶದ ಕೆಲಸ ಬಿಡಬೇಡಿ. ಅದು ನಿಮ್ಮ ಆಸೆಯಾಗಿದ್ದರೆ ಹೋಗಿ. 46ರವನಿಗೆ ತಾರೀಕು ಹೇಳಿ, ಅವನು ಏನನ್ನುತ್ತಾನೆ ಕೇಳಿ. 'ಮುಂದಿನ ವರ್ಷ ಹೇಳ್ತೀನಿ' ಅಂತ ಆಗಲೂ ಅಂದರೆ, ಅದೂ ಒಂದು ಉತ್ತರವೇ.

ಕೊನೆಗೆ ನನ್ನ ಕಸುಬಿನ ಮಾತು. ಎರಡು ನಿಲ್ದಾಣಗಳ ನಡುವೆ ಓಡಲು ನಿಜಕ್ಕೂ ಬೇಕಾದಷ್ಟೇ ನಿಮಿಷವನ್ನು ವೇಳಾಪಟ್ಟಿಯಲ್ಲಿ ಬರೆಯುವುದಿಲ್ಲ. ಕೆಲವು ನಿಮಿಷ ಜಾಸ್ತಿ ಇಡುತ್ತೇವೆ. ಒಂದು ಗಾಡಿ ತಡವಾದರೆ ಹಿಂದಿನವೆಲ್ಲ ಕೆಡಬಾರದಲ್ಲ, ಅದಕ್ಕೆ. ಏಳು ವರ್ಷದಲ್ಲಿ ಒಂದು ಸಾಲೂ ತಪ್ಪಿಲ್ಲ ಅಂತ ನೀವು ಹೆಮ್ಮೆಯಿಂದ ಬರೆದಿದ್ದೀರಿ. ಅದನ್ನು ಓದಿ ನನಗಂತೂ ಭಯವಾಯಿತು.

ಪ್ರಶ್ನೆ: ನಾನು ಒಂದು ರೊಮ್ಯಾಂಟಿಕ್ ಕಾಮಿಡಿ ಬರೆಯುತ್ತಿದ್ದೇನೆ. ನಾಯಕಿಗೆ ಹತ್ತು ವರ್ಷದ ಪ್ಲಾನ್. ನಾಯಕನಿಗೆ ಪ್ಲಾನೇ ಇಲ್ಲ. ಮೊದಲರ್ಧಕ್ಕೆ ಎಲ್ಲರೂ ನಗುತ್ತಾರೆ. ಅವಳು ಪ್ಲಾನ್ ಬಿಡುವ ಹೊತ್ತಿಗೆ ಆಕಳಿಸುತ್ತಾರೆ. ಒಬ್ಬ ಗೆಳತಿಯಂತೂ 'ಅವಳು ಕೆಲಸ ಬಿಟ್ಟು ಇವನ ಹಿಂದೆ ಓಡೋದು ಕಾಮಿಡಿ ಅಲ್ಲ, ದುರಂತ' ಅಂದಳು. ಎಲ್ಲಿ ತಪ್ಪಿದ್ದೇನೆ?
ಮೂರನೇ ಕರಡು

ಉತ್ತರ: ಆ ಗೆಳತಿಯನ್ನು ಕಳೆದುಕೊಳ್ಳಬೇಡಿ. ಅವರು ಹೇಳಿದ್ದು ಸರಿ.

ಎರಡು ಸಾವಿರ ವರ್ಷಕ್ಕೂ ಹಿಂದಿನ ಗ್ರೀಕ್, ರೋಮನ್ ಪ್ರೇಮದ ನಗೆನಾಟಕಗಳಲ್ಲಿ ಹುಡುಗ, ಹುಡುಗಿಗೆ ಅಡ್ಡ ನಿಲ್ಲುವುದು ಹೆಚ್ಚಾಗಿ ಒಬ್ಬ ಅಪ್ಪ. ಸಿಡುಕ, ಜಿಪುಣ, ಹಟಮಾರಿ. ನಾಟಕವಿಡೀ ಅವನಿಗೆ ಟೋಪಿ ಹಾಕುವುದೇ ಕೆಲಸ. ಈಗಿನ ಕತೆಗಳಲ್ಲಿ ಅಪ್ಪಂದಿರು ಒಳ್ಳೆಯವರಾಗಿಬಿಟ್ಟಿದ್ದಾರೆ. 'ನಿನ್ನ ಇಷ್ಟ ಮಗಳೇ' ಅಂತ ಮೊದಲ ದೃಶ್ಯದಲ್ಲೇ ಹೇಳಿ ಪೇಪರ್ ಓದುತ್ತಾರೆ. ಅಡ್ಡಿಯೇ ಇಲ್ಲದಿದ್ದರೆ ಕಾಮಿಡಿ ಹೇಗೆ? ಅದಕ್ಕೇ ಆ ಹಳೆಯ ಅಪ್ಪ ಎಲ್ಲಿಗೂ ಹೋಗಿಲ್ಲ. ನಿಮ್ಮ ನಾಯಕಿಯ ಬ್ಯಾಗಿನೊಳಗೆ ಡೈರಿಯಾಗಿ ಕೂತಿದ್ದಾನೆ. ಅಂದರೆ ಪ್ಲಾನ್ ನಿಮ್ಮ ಕತೆಯ ಒಂದು ಪಾತ್ರ. ಅದಕ್ಕೂ ಹಟ ಬೇಕು, ಪ್ರೀತಿ ಬೇಕು, ಹುಟ್ಟಿದ ಕಾರಣ ಬೇಕು. ಚಿಕ್ಕಂದಿನಲ್ಲಿ ಆರು ಶಾಲೆ ಬದಲಿಸಿದ ಹುಡುಗಿಗೆ ಹತ್ತು ವರ್ಷದ ಪ್ಲಾನ್ ಒಂದು ಮನೆ ಇದ್ದ ಹಾಗೆ. ಇದನ್ನು ಒಂದೇ ದೃಶ್ಯದಲ್ಲಿ ಹೇಳಿ. ಮೂರು ಸಲ ಫ್ಲ್ಯಾಶ್‌ಬ್ಯಾಕ್ ಹಾಕಿದರೆ ನಾನೂ ಆಕಳಿಸುತ್ತೇನೆ.

ಇನ್ನೊಂದು ಗುಟ್ಟು. ಆ ಹಳೆಯ ನಾಟಕಗಳಲ್ಲಿ ಅಪ್ಪನನ್ನು ಸಾಮಾನ್ಯವಾಗಿ ಓಡಿಸುವುದಿಲ್ಲ. ಕೊನೆಗೆ ಅವನೂ ಒಪ್ಪಿ, ಸಂಭ್ರಮದಲ್ಲಿ ಬಂದು ಕೂರುತ್ತಾನೆ. ನಿಮ್ಮ ನಾಯಕಿ ಡೈರಿಯನ್ನು ಹೊಳೆಗೆ ಎಸೆಯುತ್ತಾಳೆ ಅಂತ ನನ್ನ ಊಹೆ. ಎಸೆಯಬೇಡಿ. ಕೊನೆಯ ದೃಶ್ಯದಲ್ಲೂ ಅದು ಮೇಜಿನ ಮೇಲಿರಲಿ, ಅವಳ ಕೆಲಸವೂ ಇರಲಿ. ಹೋಗಬೇಕಾದದ್ದು ತಾರೀಕುಗಳು.

ನಾಯಕನ ವಿಷಯಕ್ಕೆ ಬಂದರೆ, ಅವನ ಮೇಲೆ ನನಗೆ ಸ್ವಲ್ಪ ಸಿಟ್ಟಿದೆ. ಪ್ಲಾನ್ ಇಲ್ಲದವನು ಅಂತ ಬರೆದಿದ್ದೀರಿ. 'ನಾಳೆ ನೋಡೋಣ' ಅಂತ ಹತ್ತು ವರ್ಷ ತಪ್ಪದೆ ಹೇಳುವುದೂ ಒಂದು ಪ್ಲಾನೇ, ಅವಳದಕ್ಕಿಂತ ಬಿಗಿಯಾದದ್ದು. ಅವಳೊಬ್ಬಳೇ ಸಡಿಲವಾದರೆ ನಿಮ್ಮ ಗೆಳತಿ ಹೇಳಿದ ದುರಂತ ಆಗುತ್ತದೆ. ಅವನೂ ಒಂದು ತಾರೀಕು ಕೊಡಬೇಕು, ಒಂದು ಗಂಟೆ ಹೇಳಬೇಕು, ಆ ಹೊತ್ತಿಗೆ ಇಸ್ತ್ರಿ ಮಾಡಿದ ಅಂಗಿಯಲ್ಲಿ ಬಂದು ನಿಲ್ಲಬೇಕು. ಅವಳು ಅವತ್ತು ಜೀವನದಲ್ಲಿ ಮೊದಲ ಸಲ ತಡವಾಗಿ ಬರಲಿ. ಅವನು ಗಡಿಯಾರ ನೋಡುತ್ತಾ ಬೆವರಲಿ. ಅಲ್ಲಿ ನಗು ಬರುತ್ತದೆ.

1930ರ ದಶಕದ ಅಮೆರಿಕದ ಇಂಥ ಸಿನಿಮಾಗಳಿಗೆ ಸ್ಕ್ರೂಬಾಲ್ ಕಾಮಿಡಿ ಅಂತ ಹೆಸರು. ಸ್ಕ್ರೂಬಾಲ್ ಅಂದರೆ ಬೇಸ್‌ಬಾಲ್ ಆಟದಲ್ಲಿ ಸಾಮಾನ್ಯ ತಿರುವಿಗೆ ಉಲ್ಟಾ ತಿರುಗುವ ಎಸೆತ. ನಿಮ್ಮ ದ್ವಿತೀಯಾರ್ಧದಲ್ಲಿ ಚೆಂಡು ನೆಟ್ಟಗೆ ಹೋಗುತ್ತಿದೆ, ಅದಕ್ಕೇ ಆಕಳಿಕೆ. ಪ್ಲಾನ್ ಮುರಿದಾಗ ಬರುವ ನಗುವಿಗಿಂತ ಅದನ್ನು ಶ್ರದ್ಧೆಯಿಂದ ಪಾಲಿಸಿದಾಗ ಬರುವ ನಗು ದೊಡ್ಡದು. 'ಗುರುವಾರ 7ರಿಂದ 8, ಸಹಜವಾಗಿ ಇರುವುದು' ಅಂತ ಅವಳು ಕ್ಯಾಲೆಂಡರಿನಲ್ಲಿ ಬರೆದುಕೊಳ್ಳಲಿ. ಇನ್ನೊಂದು ದೃಶ್ಯ ನನ್ನ ಕಡೆಯಿಂದ ಉಚಿತ: ಇಬ್ಬರೂ ಇನ್ನು ಮುಖ ನೋಡುವುದಿಲ್ಲ ಅಂತ ಜಗಳವಾಡುತ್ತಿದ್ದಾರೆ. ಅವಳು ಏಳು ವರ್ಷದ ಹಿಂದೆ ಇಟ್ಟಿದ್ದ ರಿಮೈಂಡರ್ ಆ ಹೊತ್ತಿಗೆ ಸರಿಯಾಗಿ ಬಡಿದುಕೊಳ್ಳುತ್ತದೆ. ಪರದೆಯ ಮೇಲೆ 'ಇಂದು: ಮದುವೆ'. ಆಫ್ ಮಾಡಲು ಹೋದರೆ ಪಾಸ್‌ವರ್ಡ್ ಮರೆತಿದೆ.

ವಿಮಾನ ನಿಲ್ದಾಣಕ್ಕೆ ಓಡುವ ಕ್ಲೈಮ್ಯಾಕ್ಸ್ ಇದ್ದರೆ ತೆಗೆಯಿರಿ. ಟಿಕೆಟ್ ಇಲ್ಲದವನನ್ನು ಒಳಗೆ ಬಿಡುವುದಿಲ್ಲ, ಇಷ್ಟು ಹೊತ್ತಿಗೆ ಅದು ಪ್ರೇಕ್ಷಕರಿಗೆಲ್ಲ ಗೊತ್ತಾಗಿದೆ.

ಪ್ರಶ್ನೆ: ನನಗೆ 33. ಗಣಿತದವನು. 37 ಶೇಕಡಾ ನಿಯಮ ಕೇಳಿರುತ್ತೀರಿ. ನೋಡಬೇಕೆಂದಿರುವವರಲ್ಲಿ ಮೊದಲ 37 ಶೇಕಡಾ ಜನರನ್ನು ಸುಮ್ಮನೆ ನೋಡಿ ಬಿಡಬೇಕು. ಆಮೇಲೆ, ಅವರೆಲ್ಲರಿಗಿಂತ ಚೆನ್ನಾಗಿ ಕಂಡ ಮೊದಲನೆಯವರನ್ನು ಒಪ್ಪಬೇಕು. ನಾನು ಒಟ್ಟು 30 ಅಂತ ಇಟ್ಟುಕೊಂಡು 11 ಜನರನ್ನು ಬಿಟ್ಟಿದ್ದೇನೆ. ಈಗ ಏಳನೆಯವರ ನೆನಪು ಹೋಗುತ್ತಿಲ್ಲ. ನಿಯಮ ಮುರಿಯಬಹುದೇ?
ಶೇಕಡಾ 37

ಉತ್ತರ: ಖಗೋಳ ವಿಜ್ಞಾನಿ ಕೆಪ್ಲರ್ ನಿಮ್ಮ ಅಣ್ಣನಂತಿದ್ದಾನೆ. 1611ರಲ್ಲಿ ಮೊದಲ ಹೆಂಡತಿ ತೀರಿಕೊಂಡರು. ಆಮೇಲೆ ಎರಡು ವರ್ಷದಲ್ಲಿ ಅವನೂ 11 ಜನರನ್ನು ತೂಗಿ ನೋಡಿದ. ಯಾರಿಗೆ ಏನು ಕೊರತೆ ಅಂತ ಕಾಗದದಲ್ಲಿ ವಿವರವಾಗಿ ಬರೆದ. ಕೊನೆಗೆ 1613ರಲ್ಲಿ ಮದುವೆಯಾದದ್ದು ಐದನೆಯವಳನ್ನು, ಸುಸಾನಾ ಅನ್ನುವವಳನ್ನು. ವಾಪಸ್ ಹೋಗಿಯೇ ಆದದ್ದು. ಗ್ರಹಗಳು ವೃತ್ತದಲ್ಲೇ ಸುತ್ತಬೇಕು ಅನ್ನುವ ಹಟವನ್ನು 1609ರಲ್ಲೇ ಬಿಟ್ಟು, ಅದು ದೀರ್ಘವೃತ್ತ ಅಂತ ಬರೆದ ಮನುಷ್ಯ ಅವನು. ಹಿಂದೆ ತಿರುಗಲು ನಾಚಿಕೆಪಡಲಿಲ್ಲ.

ನಿಮ್ಮ ನಿಯಮದ ಬಗ್ಗೆ ಒಂದೆರಡು ಮಾತು. ಅದನ್ನು ತಪ್ಪದೆ ಪಾಲಿಸಿದರೂ ಎಲ್ಲರಿಗಿಂತ ಒಳ್ಳೆಯವರು ಸಿಗುವ ಸಾಧ್ಯತೆ ಸುಮಾರು 37 ಶೇಕಡಾ ಮಾತ್ರ. ಗಣಿತದವರು, ನಿಮಗೇ ಗೊತ್ತಿರಬೇಕು. ಒಮ್ಮೆ ಬಿಟ್ಟವರ ಹತ್ತಿರ ಮತ್ತೆ ಹೋಗುವಂತಿಲ್ಲ ಅನ್ನುವುದು ಆ ಲೆಕ್ಕದ ಷರತ್ತು, ಬದುಕಿನ ಷರತ್ತಲ್ಲ. ಎದುರಿನವರು ಯಾವತ್ತೂ ಬೇಡ ಅನ್ನುವುದಿಲ್ಲ ಅಂತಲೂ ಅದು ಅಂದುಕೊಂಡಿದೆ. ಏಳನೆಯವರು ತಮ್ಮ ಮೊದಲ 37ರಲ್ಲಿ ನಿಮ್ಮನ್ನು ಎಣಿಸಿ ಬಿಟ್ಟಿರಬಹುದು. ಇವತ್ತೇ ಫೋನ್ ಮಾಡಿ. ಶೇಕಡಾ ವಿಷಯ ಎತ್ತಬೇಡಿ.

ಪ್ರಶ್ನೆ: ಮನೆ ಕಟ್ಟಿ ಮುಗಿದ ಮೇಲೆ ಮದುವೆ ಅಂತ ನಾವಿಬ್ಬರೂ ತೀರ್ಮಾನಿಸಿದ್ದೆವು. ಒಂದು ವರ್ಷದ ಕೆಲಸ ಅಂದುಕೊಂಡಿದ್ದೆವು. ನಾಲ್ಕನೇ ವರ್ಷ ನಡೆಯುತ್ತಿದೆ. ಈಗ ಕಿಟಕಿಯ ಬಣ್ಣಕ್ಕೆ ಜಗಳ. ಇನ್ನು ಎಷ್ಟು ಕಾಯಬೇಕು?
ಅರ್ಧ ಗೋಡೆ

ಉತ್ತರ: ಎಷ್ಟು ಅಂತ ನೀವು ಅಂದುಕೊಂಡಿದ್ದೀರೋ ಅದಕ್ಕಿಂತ ಜಾಸ್ತಿ. ಕಾನೆಮನ್, ಟ್ವೆರ್ಸ್ಕಿ ಅನ್ನುವ ಇಬ್ಬರು ಮನಃಶಾಸ್ತ್ರಜ್ಞರು 1979ರಲ್ಲೇ ಇದಕ್ಕೆ 'ಪ್ಲಾನಿಂಗ್ ಫ್ಯಾಲಸಿ' ಅಂತ ಹೆಸರಿಟ್ಟರು. ಎಷ್ಟು ಸಲ ತಡವಾಗಿದ್ದರೂ, ಮುಂದಿನ ಕೆಲಸ ಮಾತ್ರ ಸಮಯಕ್ಕೆ ಮುಗಿಯುತ್ತದೆ ಅಂತ ನಂಬುವ ರೋಗ. ಇದೇ ಕಾನೆಮನ್ ಕೆಲವರ ಜೊತೆ ಸೇರಿ ಒಂದು ಪಠ್ಯಪುಸ್ತಕ ಬರೆಯಲು ಹೊರಟಾಗ ಸುಮಾರು ಎರಡು ವರ್ಷ ಸಾಕು ಅಂದುಕೊಂಡರು. ಹಿಡಿದದ್ದು ಎಂಟು ವರ್ಷ. ರೋಗ ಕಂಡುಹಿಡಿದವರಿಗೇ ಹೀಗಾದರೆ ನಿಮಗೆ, ನನಗೆ ಏನು! 1994ರ ಇನ್ನೊಂದು ಅಧ್ಯಯನದಲ್ಲಿ ವಿದ್ಯಾರ್ಥಿಗಳು ಪ್ರಬಂಧ ಮುಗಿಸಲು ಸರಾಸರಿ 34 ದಿನ ಬೇಕು ಅಂದಿದ್ದರು. ಹಿಡಿದದ್ದು 55ಕ್ಕೂ ಹೆಚ್ಚು.

ಮದುವೆಗೆ ಕಿಟಕಿ ಬೇಕಾಗಿಲ್ಲ. ಮೊದಲು ಮದುವೆಯಾಗಿ. ಬಣ್ಣದ ಜಗಳ ಆಮೇಲೂ ಇರುತ್ತದೆ, ಆಗ ಗಂಡ ಹೆಂಡತಿ ಜಗಳ ಅಂತ ಯಾರೂ ಮೂಗು ತೂರಿಸುವುದಿಲ್ಲ.

ಪ್ರಶ್ನೆ: ನನ್ನ ಹುಡುಗಿ ಎಲ್ಲವನ್ನೂ ಪ್ಲಾನ್ ಮಾಡುತ್ತಾಳೆ. ಜಗಳಕ್ಕೂ ಭಾನುವಾರ ಸಂಜೆ 6 ಗಂಟೆ ಅಂತ ಇಟ್ಟಿದ್ದಾಳೆ. ನನಗೆ ಬುಧವಾರವೇ ಸಿಟ್ಟು ಬರುತ್ತದೆ. ಏನು ಮಾಡಲಿ?
ಬುಧವಾರದವನು

ಉತ್ತರ: ಭಾನುವಾರದವರೆಗೆ ಆ ಸಿಟ್ಟು ಉಳಿಯುತ್ತದಾ? ಉಳಿಯದಿದ್ದರೆ ಅವಳ ಪದ್ಧತಿ ಒಳ್ಳೆಯದು, ಸುಮ್ನಿರಿ. ಉಳಿಯುತ್ತದೆ ಅಂದರೆ ಬುಧವಾರವೇ ಹೇಳಿ. ಒಂಟಿ ಹಳಿಯಲ್ಲಿ ಎರಡು ಗಾಡಿ ಎದುರುಬದುರು ಬರುವಾಗ ಒಂದು ಗಾಡಿ ನಿಲ್ದಾಣದ ಪಕ್ಕದ ಹಳಿಗೆ ಹೋಗಿ ನಿಲ್ಲುತ್ತದೆ. ನಾವು ಅದನ್ನು ಕ್ರಾಸಿಂಗ್ ಅನ್ನುತ್ತೇವೆ. ಯಾವಾಗಲೂ ಒಂದೇ ಗಾಡಿ ನಿಲ್ಲುವ ಹಾಗೆ ಮಾಡಿದರೆ ಅದರ ಪ್ರಯಾಣಿಕರು ದೂರು ಕೊಡುತ್ತಾರೆ. ಒಂದು ವಾರ ಭಾನುವಾರ, ಒಂದು ವಾರ ಬುಧವಾರ ಅಂತ ಕೇಳಿ ನೋಡಿ. ಅವಳು ಅದನ್ನೂ ಕ್ಯಾಲೆಂಡರಿಗೆ ಹಾಕುತ್ತಾಳೆ. ಹಾಕಲಿ ಬಿಡಿ.

ಇನ್ನು ಚುಟುಕು.

ಪ್ರಶ್ನೆ: ಪ್ರೀತಿಯಲ್ಲಿ ಪ್ಲಾನ್ ಬಿ ಇರಬೇಕಾ?
ಉತ್ತರ: ಇರಲಿ. ಆದರೆ ಬಿ ಅನ್ನುವವರಿಗೆ ತಾವು ಬಿ ಅಂತ ಗೊತ್ತಿದೆಯಾ?

ಪ್ರಶ್ನೆ: ಅವನಿಗಾಗಿ ನನ್ನ ಎಂಟು ವರ್ಷದ ಪ್ಲಾನ್ ಬಿಟ್ಟೆ. ಅವನು ನನ್ನನ್ನು ಬಿಟ್ಟ. ಈಗ?
ಉತ್ತರ: ಬೇಜಾರಾಗುತ್ತದೆ, ಆಗಲಿ. ಅವನ ಜೊತೆ ಪ್ಲಾನೂ ಹೋಯಿತು ಅಂತ ಮಾತ್ರ ಲೆಕ್ಕ ಹಾಕಬೇಡಿ. ಅದು ಮೊದಲೂ ನಿಮ್ಮದೇ, ಈಗಲೂ ನಿಮ್ಮದೇ. ಹಳೆಯ ಹಾಳೆ ತೆಗೆದು ಓದಿ. ಅರ್ಧಕ್ಕರ್ಧ ಸಾಲು ನೋಡಿ ನಿಮಗೇ ನಗು ಬರುತ್ತದೆ. ನಗು ಬಾರದ ಸಾಲುಗಳನ್ನು ಬೇರೆ ಬರೆದಿಟ್ಟುಕೊಂಡು ನನಗೆ ಇನ್ನೊಂದು ಪತ್ರ ಹಾಕಿ.

ಪ್ರಶ್ನೆ: ತಾನೊಂದು ಬಗೆದರೆ ದೈವವೊಂದು ಬಗೆಯಿತು ಅಂತಾರಲ್ಲ, ಹಾಗಿದ್ದ ಮೇಲೆ ತಾನು ಬಗೆಯುವುದು ಯಾಕೆ?
ಉತ್ತರ: ದೈವಕ್ಕೂ ಬೇರೆ ಏನು ಬಗೆಯಬೇಕು ಅಂತ ಗೊತ್ತಾಗಬೇಕಲ್ವಾ?

ಪ್ರಶ್ನೆ: ಮೇಡಂ, ನಿಮ್ಮ ನೀಲಿ ನೋಟ್‌ಬುಕ್ ಬಗ್ಗೆ ಹಿಂದೊಮ್ಮೆ ಬರೆದಿದ್ದಿರಿ. ಅದು ಈಗಲೂ ಇದೆಯಾ? ನಿಮ್ಮವರು ಓದಿದ್ದಾರಾ?
ಹಳೆಯ ಓದುಗ

ಉತ್ತರ: ಇದೆ. ಮದುವೆಯಾದ ವರ್ಷವೇ ಮನೆ ಬದಲಿಸುವಾಗ ಅವರ ಕೈಗೆ ಸಿಕ್ಕಿತು. ಹರಿದು ಹಾಕುತ್ತಾರೆ, ಇಲ್ಲವೇ ಅವತ್ತಿನ ಹಾಗೆ ನಗುತ್ತಾರೆ ಅಂದುಕೊಂಡು ಅಡುಗೆಮನೆಯಲ್ಲೇ ನಿಂತಿದ್ದೆ. ಸದ್ದೇ ಇಲ್ಲ. ಆಮೇಲೆ ಹೋಗಿ ನೋಡಿದರೆ ಕೆಂಪು ಪೆನ್ ಹಿಡಿದು ಕೂತಿದ್ದಾರೆ. 14 ಸಾಲಿನಲ್ಲಿ ಒಂದನ್ನೂ ಹೊಡೆದು ಹಾಕಿರಲಿಲ್ಲ. ಎರಡು ಕಾಗುಣಿತ ತಿದ್ದಿದ್ದರು. ಒಂದು ಕಡೆ ಬಿಟ್ಟುಹೋದ ಪೂರ್ಣವಿರಾಮ ಹಾಕಿದ್ದರು. ಒಂಬತ್ತನೇ ಸಾಲಿನ ಪಕ್ಕದಲ್ಲಿ, ಕರಡಿನಲ್ಲಿ ಹಾಕುವ ಹಾಗೆ, ಸಣ್ಣ ಪ್ರಶ್ನಾರ್ಥಕ ಚಿಹ್ನೆ. ಲೇಖಕರನ್ನು ಕೇಳಬೇಕು ಅಂತ ಅದರ ಅರ್ಥ. ಅವರು ಇನ್ನೂ ಕೇಳಿಲ್ಲ.